ಸಿಪಿಎಲ್, ಎನ್‌ಡಿ, ಯುವಿ: ಬಾದಾಮಿ, ಗೋಕಾಕ, ವಿಜಯಪುರ ಕಡೆ ಫೋಟೊ ತೆಗೆಯುವವರು ಯಾವ ಫಿಲ್ಟರ್ ಮೊದಲು ಕೊಳ್ಳಬೇಕು?

ಒಂದೇ ಫಿಲ್ಟರ್‌ಗೆ ದುಡ್ಡಿದ್ದರೆ ಸಿಪಿಎಲ್, ಅಂದರೆ ಹೊಳಪು ಕಳೆಯುವ ಸರ್ಕ್ಯುಲರ್ ಪೋಲರೈಸರ್ ಕೊಳ್ಳಿ. ಎರಡಕ್ಕೆ ಇದ್ದರೆ ಅದರ ಜೊತೆ ಬೆಳಕು ಕಡಿಮೆ ಮಾಡುವ 6 ಸ್ಟಾಪ್‌ನ ಎನ್‌ಡಿ, ಅಂದರೆ ಎನ್‌ಡಿ 64 (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ ಆಗುತ್ತದೆ). ಯುವಿ ಫಿಲ್ಟರ್ ಜಾತ್ರೆಗೆ, ದೂಳಿಗೆ. ಉಳಿದದ್ದೆಲ್ಲ ಸದ್ಯಕ್ಕೆ ಬೇಡ.

ಇದನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ತೂಗುತ್ತೇನೆ. ಈ ಗಾಜು ಮಾಡುವ ಕೆಲಸವನ್ನು ಮನೆಗೆ ಬಂದು ಲೈಟ್‌ರೂಮ್‌ನಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಮಾಡಬಹುದಾ? ಮಾಡಬಹುದು ಅಂತಾದರೆ ದುಡ್ಡು ಉಳಿಸಿ, ಆ ದುಡ್ಡಲ್ಲಿ ಬಸ್ ಹತ್ತಿ ಐಹೊಳೆಗೆ ಇನ್ನೊಂದು ಸಲ ಹೋಗಿ ಬನ್ನಿ. ಮಾಡಲು ಆಗುವುದೇ ಇಲ್ಲ ಅಂದರೆ ಮಾತ್ರ ಗಾಜು ಬೇಕು. ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುವುದು ಸಿಪಿಎಲ್ ಒಂದೇ. ನೀರಿನ ಮೇಲಿನ ಹೊಳಪು ಕೆಳಗಿನ ಕಲ್ಲನ್ನು ಮುಚ್ಚಿಬಿಟ್ಟಿದ್ದರೆ ಆ ಕಲ್ಲು ನಿಮ್ಮ ಫೈಲ್‌ನಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಯಾವ ಸ್ಲೈಡರ್ ಎಳೆದರೂ ತರಲು ಆಗುವುದಿಲ್ಲ, ಎಐ ಏನಾದರೂ ಬರೆದು ತುಂಬಿಸಬಹುದು, ಆದರೆ ಅದು ನೀವು ಕಂಡ ಹೊಳೆಯ ಕಲ್ಲಾಗಿರುವುದಿಲ್ಲ, ಅಲ್ವಾ?

ಸಿಪಿಎಲ್ ಮಾಡುವುದೇನು?

ಬೆಳಕು ನೀರಿನ ಮೇಲೆ, ಗಾಜಿನ ಮೇಲೆ, ಎಲೆಯ ಮೇಲೆ ಬಿದ್ದು ಪುಟಿದು ಬರುವಾಗ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಸಿಪಿಎಲ್ ಒಂದು ದಿಕ್ಕಿನ ಕಂಪನವನ್ನು ಮಾತ್ರ ಒಳಗೆ ಬಿಡುತ್ತದೆ. ಮುಂದಿನ ರಿಂಗ್ ತಿರುಗಿಸಿದಂತೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಕಾಲು ಸುತ್ತು ತಿರುಗಿಸಿದರೆ ಪರಿಣಾಮ ಪೂರ್ತಿಯಿಂದ ಸೊನ್ನೆಗೆ ಬರುತ್ತದೆ. ಲೈವ್ ವ್ಯೂ ನೋಡುತ್ತಾ ನಿಧಾನಕ್ಕೆ ತಿರುಗಿಸಿ, ಅಷ್ಟೇ.

ಲೋಹದ ಹೊಳಪಿಗೆ ಮಾತ್ರ ಇದು ನಡೆಯುವುದಿಲ್ಲ. ಹಿತ್ತಾಳೆ ಕಳಸ, ತಾಮ್ರದ ಕೊಡ, ಬೆಳ್ಳಿ ಆಭರಣದ ಫೋಟೊಗೆ ಸಿಪಿಎಲ್ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಾಜಿಗೆ ಚೆನ್ನಾಗಿ ನಡೆಯುತ್ತದೆ. ಗೋಳಗುಮ್ಮಟದ ಮುಂದಿನ ಮ್ಯೂಸಿಯಂನ ಗಾಜಿನ ಪೆಟ್ಟಿಗೆಗಳ ಮುಂದೆ ಸ್ವಲ್ಪ ಓರೆಯಾಗಿ ನಿಂತು ರಿಂಗ್ ತಿರುಗಿಸಿ ನೋಡಿ, ಗಾಜಲ್ಲಿ ಕಾಣುತ್ತಿದ್ದ ಕಿಟಕಿ ಮಾಯವಾಗುತ್ತದೆ. ನೇರ ಎದುರು ನಿಂತರೆ ಆಗುವುದಿಲ್ಲ, ಓರೆ ಕೋನ ಬೇಕು.

ಇನ್ನು ಆಕಾಶ. ಸಿಪಿಎಲ್ ಹಾಕಿದರೆ ಆಕಾಶ ಕಡುನೀಲಿ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವ ಕಡೆಯ ಆಕಾಶ ಅಂತ ಹೇಳುವವರು ಕಡಿಮೆ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶ ಮಾತ್ರ ಪೂರ್ತಿ ಕಡುವಾಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಅಥವಾ ಎದುರಿಗಿದ್ದರೆ ಏನೂ ಆಗುವುದಿಲ್ಲ. ತೋರುಬೆರಳನ್ನು ಸೂರ್ಯನ ಕಡೆ ಹಿಡಿದು ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಚಾಚಿ, ಮುಂಗೈ ತಿರುಗಿಸಿ. ಹೆಬ್ಬೆರಳು ಯಾವ ಯಾವ ಕಡೆ ತೋರಿಸುತ್ತದೋ ಅಲ್ಲೆಲ್ಲ ಸಿಪಿಎಲ್‌ನ ಬಲ ಜಾಸ್ತಿ.

ಇದು ನಮ್ಮ ಕಡೆ ಯಾಕೆ ಮುಖ್ಯ ಅಂದರೆ, ನಾವು ತೆಗೆಯುವ ಕಟ್ಟಡಗಳಿಗೆಲ್ಲ ಒಂದೊಂದು ದಿಕ್ಕಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಎದುರಿಗೆ ನಿಂತರೆ ಗುಡಿಯ ಮುಖಕ್ಕೆ ಚೆಂದದ ಬೆಳಕು ಸಿಗುತ್ತದೆ, ಆದರೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಆಗ ಎಷ್ಟು ತಿರುಗಿಸಿದರೂ ಹಿಂದಿನ ಆಕಾಶ ಬದಲಾಗುವುದಿಲ್ಲ, ಸುಮ್ನೆ ಬೆಳಕು ನಷ್ಟ. ಅದೇ ಹೊತ್ತಿಗೆ ಗುಡಿಯ ದಕ್ಷಿಣ ಬದಿಗೆ ಬಂದು ಉತ್ತರಕ್ಕೆ ನೋಡಿ. ಶಿಖರದ ಹಿಂದಿನ ಆಕಾಶ ಒಮ್ಮೆಲೇ ಇಳಿದು ಕೆಂಪು ಕಲ್ಲು ಎದ್ದು ನಿಲ್ಲುತ್ತದೆ. ಐಹೊಳೆಯ ದುರ್ಗ ಗುಡಿಯೂ ಹೀಗೆಯೇ, ಅದರ ಅರ್ಧಚಂದ್ರದ ಹಿಂಬದಿ ಮತ್ತು ಉದ್ದನೆಯ ಕಂಬಸಾಲು ಕಾಣುವುದೇ ಪಕ್ಕದಿಂದ, ಹಾಗಾಗಿ ಬೆಳಗ್ಗೆ ಸಂಜೆ ಎರಡೂ ಹೊತ್ತು ಅಲ್ಲಿ ಸಿಪಿಎಲ್‌ಗೆ ಕೈತುಂಬ ಕೆಲಸ.

ಗೋಳಗುಮ್ಮಟವನ್ನು ಹೆಚ್ಚಿನವರು ದಕ್ಷಿಣದ ಹುಲ್ಲುಹಾಸಿನಿಂದ ಉತ್ತರಕ್ಕೆ ನೋಡಿ ತೆಗೆಯುತ್ತಾರೆ. ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ ಸೂರ್ಯ ಪಕ್ಕಕ್ಕಿರುವುದರಿಂದ ಸಿಪಿಎಲ್‌ಗೆ ಇದಕ್ಕಿಂತ ಒಳ್ಳೆಯ ಕೋನ ಇಲ್ಲ. ಆದರೆ ಅಲ್ಲೊಂದು ತೊಂದರೆ ಇದೆ. ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್, ನಾಲ್ಕು ಮೂಲೆಯ ಮಿನಾರುಗಳೂ ಬರಬೇಕು ಅಂದರೆ 18 ಎಂಎಂಗೆ ಜೂಮ್ ಇಳಿಸಬೇಕಾಗುತ್ತದೆ. ಅಷ್ಟು ಅಗಲದ ಆಕಾಶದಲ್ಲಿ 90 ಡಿಗ್ರಿಯ ಪಟ್ಟಿ ಮಾತ್ರ ಕಪ್ಪಾಗಿ, ಅಂಚುಗಳು ಬಿಳಿಚಿಕೊಂಡು, ಗುಮ್ಮಟದ ಹಿಂದೆ ನೀಲಿ ಕಲೆ ಕೂತಂತೆ ಕಾಣುತ್ತದೆ. ಅದನ್ನು ಆಮೇಲೆ ಸರಿಮಾಡುವುದು ದೊಡ್ಡ ತಲೆನೋವು. ಹಿಂದೆ ಸರಿದು 35 ಎಂಎಂನಲ್ಲಿ ತೆಗೆಯಿರಿ, ಜಾಗ ಇಲ್ಲದಿದ್ದರೆ ರಿಂಗನ್ನು ಅರ್ಧಕ್ಕೆ ಮಾತ್ರ ತಿರುಗಿಸಿ. ಎಲ್ಲಿಯೇ ಆಗಲಿ ನಾನು ಪೂರ್ತಿ ತಿರುಗಿಸುವುದು ಅಪರೂಪ. ಕಪ್ಪಿಗೆ ತಿರುಗಿದ ಆಕಾಶ ನಮ್ಮ ಬಯಲುಸೀಮೆಯ ಆಕಾಶದ ಹಾಗೆ ಕಾಣುವುದೇ ಇಲ್ಲ.

ಮೇ ತಿಂಗಳ ನಡುಹಗಲು ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗ 90 ಡಿಗ್ರಿಯ ಪಟ್ಟಿ ದಿಗಂತದ ಸುತ್ತ ಬರುತ್ತದೆ, ಯಾವ ದಿಕ್ಕಿಗೆ ತಿರುಗಿದರೂ ಸ್ವಲ್ಪ ಪರಿಣಾಮ ಸಿಗುತ್ತದೆ, ದೂರದ ಮಬ್ಬೂ ಒಂದಿಷ್ಟು ಕಡಿಮೆಯಾಗುತ್ತದೆ. ಕಲ್ಲಿನ ಮೇಲಿನ ಬೆಳಕು ಆ ಹೊತ್ತಿಗೆ ಚೆನ್ನಾಗಿರುವುದಿಲ್ಲ ಅನ್ನುವುದು ಬೇರೆ ಮಾತು.

ಬಾದಾಮಿಯ ಅಗಸ್ತ್ಯ ತೀರ್ಥಕ್ಕೆ ಬರೋಣ. ಸಂಜೆ ಪಶ್ಚಿಮದ ದಡದಿಂದ ಭೂತನಾಥ ಗುಡಿಯನ್ನು ನೋಡುವಾಗ ಸೂರ್ಯ ಬೆನ್ನಿಗೆ, ಆಕಾಶದ ಲೆಕ್ಕದಲ್ಲಿ ಸಿಪಿಎಲ್ ದಂಡ. ಅದಕ್ಕಿಂತ ದೊಡ್ಡ ವಿಷಯ, ಅಲ್ಲಿ ನಿಮಗೆ ಬೇಕಾಗಿರುವುದೇ ನೀರಿನೊಳಗಿನ ಗುಡಿಯ ಬಿಂಬ. ಬಿಂಬವೂ ಒಂದು ಪ್ರತಿಫಲನವೇ, ರಿಂಗ್ ತಪ್ಪು ಕಡೆ ತಿರುಗಿದರೆ ಅದು ಮಂಕಾಗುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಸಿಪಿಎಲ್ ಹೊಳಪನ್ನು ಅತಿ ಹೆಚ್ಚು ಅಳಿಸುತ್ತದೆ, ಅಂದರೆ ಕಾಲ ಬುಡಕ್ಕಿಂತ ಕೊಂಚ ಆಚೆಯ ನೀರು. ದೂರದ ನೀರನ್ನು ಕೆಳಗೆ ಕೂತು ನೋಡಿದರೆ ಅಷ್ಟಾಗಿ ಅಳಿಸುವುದಿಲ್ಲ. ಇದನ್ನು ತಿಳಿದುಕೊಂಡರೆ ಒಂದೇ ಫೋಟೊದಲ್ಲಿ ಎರಡೂ ಸಿಗುತ್ತದೆ: ಹತ್ತಿರದ ಮೆಟ್ಟಿಲು ನೀರಿನೊಳಗೆ ಕಾಣುತ್ತದೆ, ದೂರದ ಗುಡಿಯ ಬಿಂಬವೂ ಉಳಿಯುತ್ತದೆ. ನನಗೆ ಸಿಪಿಎಲ್ ಮೇಲೆ ಇಷ್ಟು ಪ್ರೀತಿ ಬಂದಿರುವುದು ಇಂಥದ್ದಕ್ಕೇ.

ಮಳೆಗಾಲದಲ್ಲಿ ಇದನ್ನು ಚೀಲದಲ್ಲೇ ಇಡುವವರು ಜಾಸ್ತಿ, ಮೋಡ ಇದೆಯಲ್ಲ ಅಂತ. ಮೋಡ ಮುಚ್ಚಿದ ಆಕಾಶಕ್ಕೆ ಏನೂ ಆಗುವುದಿಲ್ಲ, ನಿಜ. ಆದರೆ ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಯ ಕಾಡಿನಲ್ಲಿ ನೆಂದ ಎಲೆ ಎಲೆಯ ಮೇಲೂ ಬಿಳಿ ಹೊಳಪು ಕೂತಿರುತ್ತದೆ. ರಿಂಗ್ ತಿರುಗಿಸಿ, ಆ ಬಿಳಿ ಹೋಗಿ ಹಸಿರು ಹೊರಗೆ ಬರುತ್ತದೆ. ಸ್ಯಾಚುರೇಶನ್ ಏರಿಸಿ ಪಡೆದ ಹಸಿರಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ, ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಸಿಪಿಎಲ್‌ನ ಅತಿ ಒಳ್ಳೆಯ ಉಪಯೋಗ ಯಾವುದು ಅಂತ ಕೇಳಿದರೆ ನಾನು ಗುಡಿಯ ಹಿಂದಿನ ನೀಲಿ ಆಕಾಶಕ್ಕಿಂತ ಮೊದಲು ಬೆಳಗಾವಿ ಮಳೆಯ ಈ ಹಸಿರನ್ನೇ ಹೇಳುತ್ತೇನೆ.

ಎಲ್ಲಿ ತೆಗೆದಿಡಬೇಕು ಅನ್ನುವುದೂ ಗೊತ್ತಿರಲಿ. ಸಿಪಿಎಲ್ ಒಂದೂವರೆಯಿಂದ 2 ಸ್ಟಾಪ್ ಬೆಳಕು ತಿನ್ನುತ್ತದೆ. ಬಾದಾಮಿಯ 3ನೇ ಗುಹೆಯಲ್ಲಿ, ಕ್ರಿ.ಶ. 578ರ ಶಾಸನ ಇರುವ ಗುಹೆ ಅದು, ಒಳಗೆ 1/60 ಸೆಕೆಂಡ್ ಸಿಗುವ ಕಡೆ 1/20ಕ್ಕೆ ಇಳಿದು ಕೈ ಅಲುಗಿದ್ದೆಲ್ಲ ಫೋಟೊದಲ್ಲಿ ಬರುತ್ತದೆ. ಗುಮ್ಮಟದ ಒಳಗೂ, ಬೆಳಗಾವಿ ಕೋಟೆಯ ಕಮಲ ಬಸದಿಯೊಳಗೂ ಹಾಗೆಯೇ. ಮದುವೆ ಮಂಟಪದಲ್ಲಿ ಬೇಡವೇ ಬೇಡ. ಇಳಕಲ್ ಸೀರೆ ಮಾರುವವರು ಆನ್‌ಲೈನ್‌ಗೆ ಫೋಟೊ ತೆಗೆಯುವಾಗ ಒಂದು ಮಾತು: ಹೊಳಪು ತೆಗೆದರೆ ಒಡಲಿನ ಬಣ್ಣ ಕಡುವಾಗಿ ಬರುತ್ತದೆ, ಆದರೆ ಸೆರಗಿನ ರೇಷ್ಮೆ ಹತ್ತಿಯ ಹಾಗೆ ಕಾಣುತ್ತದೆ. ಸೆರಗಿಗೆ ಸಿಪಿಎಲ್ ಇಲ್ಲದೆ ಇನ್ನೊಂದು ತೆಗೆಯಿರಿ.

ಗೋಕಾಕ ಫಾಲ್ಸ್ ಮತ್ತು ಎನ್‌ಡಿ

ಎನ್‌ಡಿ ಅಂದರೆ ಕಪ್ಪು ಗಾಜು. ಬಣ್ಣ ಬದಲಿಸದೆ ಬೆಳಕನ್ನು ಕಡಿಮೆ ಮಾಡುವುದಷ್ಟೇ ಅದರ ಕೆಲಸ, ಶಟರ್ ಹೆಚ್ಚು ಹೊತ್ತು ತೆರೆದಿಡಲು. ಎನ್‌ಡಿ 8 ಅಂದರೆ 3 ಸ್ಟಾಪ್, ಎನ್‌ಡಿ 64 ಅಂದರೆ 6, ಎನ್‌ಡಿ 1000 ಅಂದರೆ 10. ಕೆಲವು ಕಂಪನಿಗಳು ಇದನ್ನೇ 0.9, 1.8, 3.0 ಅಂತ ಬರೆಯುತ್ತವೆ, ಒಂದು ಸ್ಟಾಪ್‌ಗೆ 0.3ರ ಲೆಕ್ಕ.

ಸಾಫ್ಟ್‌ವೇರ್ ಪರೀಕ್ಷೆಯಲ್ಲಿ ಎನ್‌ಡಿ ಅರ್ಧ ಪಾಸು. ಟ್ರೈಪಾಡ್ ಮೇಲೆ ಸಾಲಾಗಿ ಇಪ್ಪತ್ತು ಮೂವತ್ತು ಫೋಟೊ ತೆಗೆದು ಫೋಟೊಶಾಪ್‌ನಲ್ಲಿ ಸರಾಸರಿ ಮಾಡಿದರೆ ನೀರು ನುಣುಪಾಗುತ್ತದೆ, ಈಗಿನ ಮೊಬೈಲುಗಳು ಹತ್ತಿರ ಹತ್ತಿರ ಇದನ್ನೇ ಮಾಡುತ್ತವೆ. ಸ್ಮಾರಕದ ಮುಂದಿನ ಜನರನ್ನು ಅಳಿಸಲು ಎನ್‌ಡಿ 1000 ಕೊಳ್ಳುವವರಿದ್ದಾರೆ. ಅದಕ್ಕೂ ಹಲವು ಫೋಟೊ ಸೇರಿಸಿ ಓಡಾಡುವವರನ್ನು ಅಳಿಸುವ ಮೀಡಿಯನ್ ವಿಧಾನ ಸಾಕು, ಅದರಲ್ಲೂ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು, ಟ್ರೈಪಾಡ್ ಇಲ್ಲದೆ ಕಪ್ಪು ಗಾಜು ಇಟ್ಟುಕೊಂಡು ಏನು ಮಾಡುವುದು? ಹಾಗಾಗಿ ಎನ್‌ಡಿಗೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ. ಜಲಪಾತಕ್ಕೆ ವರ್ಷ ವರ್ಷ ಹೋಗುವವರಿಗೆ ಮಾತ್ರ ಅದು ತೆಗೆದುಕೊಳ್ಳುವಂಥದ್ದು.

ಹೋಗುವವರಿಗೆ ಲೆಕ್ಕ ಹೀಗಿದೆ. ಚೆನ್ನಾಗಿ ಬಿಸಿಲಿದ್ದಾಗ ಐಎಸ್‌ಒ 100, ಎಫ್ 11ಕ್ಕೆ ಶಟರ್ ಸುಮಾರು 1/250. ಎನ್‌ಡಿ 8 ಹಾಕಿದರೆ 1/30, ನೀರು ಇನ್ನೂ ಹನಿ ಹನಿಯಾಗಿಯೇ ಉಳಿಯುತ್ತದೆ. ಎನ್‌ಡಿ 64 ಹಾಕಿದರೆ 1/4 ಸೆಕೆಂಡ್. ಎನ್‌ಡಿ 1000 ಹಾಕಿದರೆ 4 ಸೆಕೆಂಡ್. ಸುಮಾರು 170 ಅಡಿಯಿಂದ ಘಟಪ್ರಭೆ ಧುಮುಕುವಾಗ, ಅದೂ ಜುಲೈ ಆಗಸ್ಟ್‌ನಲ್ಲಿ ಕೆಂಪು ನೀರು ತುಂಬಿ ಬರುವಾಗ, ಆ ಅಬ್ಬರ ಫೋಟೊದಲ್ಲಿ ಉಳಿಯಬೇಕು ಅಂದರೆ 1/8ರಿಂದ 1/2 ಸೆಕೆಂಡ್ ಒಳಗೆ ಇರಿ. 4 ಸೆಕೆಂಡ್‌ಗೆ ಹೋದರೆ ನೀರಿನ ಎಳೆಗಳೆಲ್ಲ ಸೇರಿ ಕಂದು ಬಣ್ಣದ ಒಂದು ಪರದೆ ಆಗುತ್ತದೆ, ಗೋಕಾಕ ಅಂತ ಗುರುತೇ ಸಿಗುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಕಾಣುವ ಹಾಲಿನಂಥ ಜಲಪಾತಗಳು ಸಣ್ಣ, ತಿಳಿನೀರಿನ ತೊರೆಗಳು. ಗೋಕಾಕಕ್ಕೆ ಅದು ಒಪ್ಪುವುದಿಲ್ಲ. ಆದ್ದರಿಂದಲೇ ಎನ್‌ಡಿ 64 ಸಾಕು, ಎನ್‌ಡಿ 1000 ಬೇಡ.

ಮೋಡದ ದಿನ ಇನ್ನೊಂದು ಅನುಕೂಲ ಇದೆ. ದಟ್ಟ ಮೋಡ ಇದ್ದರೆ ಅದೇ ಎಫ್ 11ಕ್ಕೆ ಶಟರ್ 1/30ರ ಹತ್ತಿರ ಬಂದಿರುತ್ತದೆ, ಸಿಪಿಎಲ್ ತಾನು ತಿನ್ನುವ ಬೆಳಕಿನಿಂದಲೇ ಅದನ್ನು 1/10, 1/8ಕ್ಕೆ ತಂದುಬಿಡುತ್ತದೆ. ಜೊತೆಗೆ ಒದ್ದೆ ಬಂಡೆಯ ಹೊಳಪನ್ನೂ ಕಳೆಯುತ್ತದೆ. ಅಂದರೆ ಮಳೆಗಾಲದ ಗೋಕಾಕ, ಗೊಡಚಿನಮಲ್ಕಿ ಜಲಪಾತಗಳಿಗೆ ಬಹಳ ಸಲ ಸಿಪಿಎಲ್ ಒಂದೇ ಸಾಕು. ತುಂತುರಿನಲ್ಲಿ ಕಾಮನಬಿಲ್ಲು ಕಂಡರೆ ಮಾತ್ರ ರಿಂಗ್ ನೋಡಿಕೊಂಡು ತಿರುಗಿಸಿ. ಒಂದು ಕಡೆ ತಿರುಗಿಸಿದರೆ ಬಿಲ್ಲು ಹೊಳೆಯುತ್ತದೆ, ಕಾಲು ಸುತ್ತು ಆಚೆ ಹೋದರೆ ಪೂರ್ತಿ ಅಳಿಸಿಹೋಗುತ್ತದೆ. ಗೋಕಾಕದ ತೂಗುಸೇತುವೆ ಅಲುಗುವುದರಿಂದ ಅದರ ಮೇಲೆ ಟ್ರೈಪಾಡ್ ಬೇಡ. ಪಾಚಿ ಕಟ್ಟಿದ ಬಂಡೆಯ ಅಂಚಿಗಂತೂ ಯಾವ ಫೋಟೊಗೂ ಹೋಗಬೇಡಿ.

ಎರಡೂ ಒಟ್ಟಿಗೆ ಹಾಕುವುದಾದರೆ ಎನ್‌ಡಿ ಒಳಗೆ, ಸಿಪಿಎಲ್ ಹೊರಗೆ, ರಿಂಗ್ ಕೈಗೆ ಸಿಗಬೇಕಲ್ಲ. 18 ಎಂಎಂನಲ್ಲಿ ಮೂಲೆಗಳು ಕಪ್ಪಾಗಬಹುದು, ಸ್ವಲ್ಪ ಜೂಮ್ ಮಾಡಿ. ಮತ್ತೆ, ಎನ್‌ಡಿ 1000 ಹಾಕಿಕೊಂಡು ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ನೇರ ಸೂರ್ಯನನ್ನು ನೋಡುವುದು ಕಣ್ಣಿಗೆ ಅಪಾಯ. ಗ್ರಹಣಕ್ಕೆ ಬೇಕಾಗುವುದು ಸೋಲಾರ್ ಫಿಲ್ಟರ್, ಅದು ಬೇರೆಯೇ ವಸ್ತು.

ವಿಡಿಯೊ ಮಾಡುವವರ ಲೆಕ್ಕ ಬೇರೆ

ನೀವು ಹೆಚ್ಚಾಗಿ ವಿಡಿಯೊ ಮಾಡುವವರಾದರೆ ಮೇಲಿನ ಕ್ರಮ ತಿರುಗಿಸಿ, ಎನ್‌ಡಿ ಮೊದಲು. ಸೆಕೆಂಡಿಗೆ 25 ಫ್ರೇಮ್‌ ಆದರೆ ಶಟರ್ 1/50 ಇದ್ದಾಗ ಚಲನೆ ಸಹಜವಾಗಿ ಕಾಣುತ್ತದೆ. ಬಿಸಿಲಲ್ಲಿ ಎಫ್ 2.8ಕ್ಕೆ ಕ್ಯಾಮೆರಾ ಕೇಳುವುದು 1/4000. ಈ ಅಂತರ 6 ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ, ಮತ್ತೆ ಅದೇ ಎನ್‌ಡಿ 64. ಬಿಸಿಲು ನೆರಳು ಬದಲಾಗುತ್ತಲೇ ಇರುವ ಕಡೆ ವೇರಿಯಬಲ್ ಎನ್‌ಡಿ ಅನುಕೂಲ. ಅದು ಎರಡು ಪೋಲರೈಸರ್‌ಗಳನ್ನು ಒಂದರ ಮೇಲೊಂದು ಇಟ್ಟದ್ದು, ಹಾಗಾಗಿ ಜಾಸ್ತಿ ತಿರುಗಿಸಿದರೆ ಚಿತ್ರದ ಮೇಲೆ ಎಕ್ಸ್ ಆಕಾರದ ಕಪ್ಪು ಬೀಳುತ್ತದೆ. 2ರಿಂದ 5 ಸ್ಟಾಪ್ ಅಂತ ಮಿತಿ ಇದ್ದು, ಕೊನೆಯಲ್ಲಿ ತಡೆ ಇರುವಂಥದ್ದನ್ನೇ ಆರಿಸಿ. ಎನ್‌ಡಿ 2ರಿಂದ 400 ಅಂತ ದೊಡ್ಡ ಅಂಕಿ ಬರೆದ ಅಗ್ಗದ್ದು ಬೇಡ. ಫೋಟೊಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಯುವಿ: ಬೇಕಾ, ಬೇಡ್ವಾ

ಫಿಲ್ಮ್ ಕಾಲದಲ್ಲಿ ನೇರಳಾತೀತ ಕಿರಣದಿಂದ ದೂರದ ದೃಶ್ಯ ನೀಲಿ ಮಬ್ಬಾಗುತ್ತಿತ್ತು, ಅದಕ್ಕೆ ಯುವಿ ಫಿಲ್ಟರ್ ಬಂತು. ಈಗಿನ ಡಿಜಿಟಲ್ ಸೆನ್ಸರ್ ಮುಂದೆ ಆ ಕಿರಣ ತಡೆಯುವ ಗಾಜು ಮೊದಲೇ ಇರುತ್ತದೆ. ಹಾಗಾಗಿ ಚಿತ್ರ ಚೆಂದವಾಗಲಿ ಅಂತ ಯುವಿ ಹಾಕುವುದು ವ್ಯರ್ಥ. ಅಂಗಡಿಯವರು ಕ್ಯಾಮೆರಾ ಜೊತೆ ಸೇರಿಸಿ ಕೊಡುವ ಅಗ್ಗದ ಯುವಿಯಂತೂ ದುಬಾರಿ ಲೆನ್ಸ್‌ನ ಮುಂದೆ ಕೆಟ್ಟ ಗಾಜು ಇಟ್ಟ ಹಾಗೆ.

ರಕ್ಷಣೆಗೆ ಬೇಕಾ? ನಮ್ಮ ಕಡೆ ಕೆಲವು ದಿನ ಖಂಡಿತ ಬೇಕು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಾರುವಾಗ ಆ ಹಳದಿ ಪುಡಿ ಎಲ್ಲಾ ಕಡೆ ಕೂರುತ್ತದೆ. ಬಾಗಲಕೋಟೆಯ ಹೋಳಿಯಲ್ಲಿ ಬಣ್ಣದ ಬಂಡಿಗಳು ಬೀದಿಗೆ ಬಂದಾಗ ಕೇಳುವುದೇ ಬೇಡ. ವಿಜಯಪುರದ ಬೇಸಿಗೆ ಗಾಳಿಗೆ ಎರೆಮಣ್ಣಿನ ದೂಳೂ ಹಾಗೆಯೇ. ಇಂಥ ದಿನ ಹಾಕಿ, ಮನೆಗೆ ಬಂದು ತೆಗೆದಿಡಿ. ಬೀಳುವ ಪೆಟ್ಟಿಗೆ ಲೆನ್ಸ್ ಹುಡ್ ಇದಕ್ಕಿಂತ ಚೆನ್ನಾಗಿ ಕಾಪಾಡುತ್ತದೆ. ಕಾರ್ತಿಕದ ದೀಪೋತ್ಸವಕ್ಕೆ ಹೋದಾಗ ಮುಂದಿನ ಎಲ್ಲಾ ಗಾಜೂ ತೆಗೆಯಿರಿ, ಇಲ್ಲದಿದ್ದರೆ ಒಂದೊಂದು ದೀಪಕ್ಕೂ ಒಂದೊಂದು ಭೂತಬಿಂಬ ಎದುರು ಮೂಲೆಯಲ್ಲಿ ಕೂರುತ್ತದೆ.

ಉಳಿದವು

ಗ್ರ್ಯಾಜುಯೇಟೆಡ್ ಎನ್‌ಡಿ, ಅಂದರೆ ಮೇಲರ್ಧ ಕಪ್ಪು ಕೆಳಗರ್ಧ ತಿಳಿ ಇರುವುದು, ಆಲಮಟ್ಟಿ ಹಿನ್ನೀರಿನಂಥ ನೇರ ದಿಗಂತಕ್ಕೆ ಸರಿ. ಗುಮ್ಮಟ, ಶಿಖರ ನಡುವೆ ಎದ್ದು ನಿಂತರೆ ಅವುಗಳ ತಲೆಯೂ ಕಪ್ಪಾಗುತ್ತದೆ. ಕಚ್ಚಾ (ರಾ) ಫೈಲ್‌ನಲ್ಲಿ ಎರಡು ಮೂರು ಎಕ್ಸ್‌ಪೋಶರ್ ತೆಗೆದು ಜೋಡಿಸಿದರೆ ಅದೇ ಫಲ ಸಿಗುತ್ತದೆ, ಕೊಳ್ಳಬೇಡಿ. ಬಣ್ಣದ ಫಿಲ್ಟರ್, ಸ್ಟಾರ್ ಫಿಲ್ಟರ್ ಸಾಫ್ಟ್‌ವೇರ್‌ಗೆ ಬಿಡಿ. ದೀಪದ ಸುತ್ತ ಮಂಜು ಹಿಡಿದಂತೆ ಮಾಡುವ ಮಿಸ್ಟ್ ಫಿಲ್ಟರ್ ಮದುವೆ ವಿಡಿಯೊದವರಿಗೆ ಇಷ್ಟ, ನನಗೆ ಅಷ್ಟಾಗಿ ಇಲ್ಲ.

ಕೊಳ್ಳುವಾಗ

ಮೊದಲು ಲೆನ್ಸ್ ಮುಚ್ಚಳದ ಹಿಂದೆ ಅಥವಾ ಲೆನ್ಸ್ ಮೇಲೆ ವ್ಯಾಸದ ಗುರುತಿನ ಪಕ್ಕ ಇರುವ ಅಂಕಿ ನೋಡಿ: 49, 55, 58, 67, 77 ಹೀಗೆ. ನಿಮ್ಮಲ್ಲಿರುವ ಲೆನ್ಸ್‌ಗಳಲ್ಲಿ ದೊಡ್ಡದಕ್ಕೆ ಒಂದೇ ಒಳ್ಳೆಯ ಸಿಪಿಎಲ್ ಕೊಂಡು, ಸಣ್ಣವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ. ರಿಂಗ್ ಬಹಳ ಅಗ್ಗ. ಒಂದೊಂದು ಲೆನ್ಸ್‌ಗೂ ಒಂದೊಂದು ಅಗ್ಗದ ಫಿಲ್ಟರ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಹೊಯಾ, ಕೆನ್ಕೊ, ನಿಸಿ, ಕೆ ಆ್ಯಂಡ್ ಎಫ್, ಬಿ ಪ್ಲಸ್ ಡಬ್ಲ್ಯೂ ಇವೆಲ್ಲ ಸಿಗುತ್ತವೆ. ಹೆಸರಿಗಿಂತ ಮಲ್ಟಿಕೋಟಿಂಗ್, ಅಂದರೆ ಗಾಜಿನ ಮೇಲೆ ಪ್ರತಿಫಲನ ತಡೆಯುವ ಲೇಪನ ಇದೆಯಾ ಅಂತ ನೋಡಿ, ಎದುರು ಬೆಳಕಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಅಸಲಿಯಾ ಅಂತ ಅಂಗಡಿಯಲ್ಲೇ ಪರೀಕ್ಷಿಸಬಹುದು. ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಥ್ರೆಡ್ ಇರುವ ಬದಿ ಕಣ್ಣಿನ ಕಡೆ ಬರುವಂತೆ ಹಿಡಿದು ತಿರುಗಿಸಿದರೆ ಪರದೆ ಒಂದು ಹಂತದಲ್ಲಿ ಕಪ್ಪಾಗಬೇಕು. ಆ ಕಪ್ಪು ನೇರಳೆಗೋ ಹಸಿರಿಗೋ ಜೋರಾಗಿ ವಾಲಿದರೆ ಬೇರೆ ತೋರಿಸಿ ಅನ್ನಿ. ತಿರುಗುಮುರುಗು ಹಿಡಿದು ತಿರುಗಿಸಿದಾಗ ಅಷ್ಟು ಕಪ್ಪಾಗದೆ ಬಣ್ಣದ ಛಾಯೆ ಮಾತ್ರ ಬದಲಾದರೆ ಅದು ಸರ್ಕ್ಯುಲರ್ ಅಂತ ಖಾತ್ರಿ. ಎರಡೂ ಕಡೆಯಿಂದ ಕಪ್ಪಾದರೆ ಲೀನಿಯರ್, ಅದು ಡಿಎಸ್‌ಎಲ್‌ಆರ್‌ನ ಆಟೊಫೋಕಸ್ ಮತ್ತು ಮೀಟರಿಂಗ್‌ಗೆ ತೊಂದರೆ ಕೊಡಬಹುದು.

ಕೊಳ್ಳುವ ಮೊದಲೇ ರುಚಿ ನೋಡಬೇಕಾ? ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಯಾರ ಹತ್ತಿರವಾದರೂ ಇದ್ದರೆ ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ತಿರುಗಿಸಿ, ಕೆರೆಯ ನೀರಿನ ಮೇಲೆ, ಕಾರಿನ ಗಾಜಿನ ಮೇಲೆ. ಬಣ್ಣ ಸ್ವಲ್ಪ ಕೆಡುತ್ತದೆ, ಆದರೆ ಹೊಳಪು ಹೋಗುವುದು ಕಣ್ಣಿಗೆ ಕಾಣುತ್ತದೆ.

ಕೊಂಡ ಮೇಲೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಸಿಪಿಎಲ್‌ನಲ್ಲಿ ಎರಡು ಗಾಜಿನ ನಡುವೆ ತೆಳು ಪದರ ಇರುತ್ತದೆ, ವಿಜಯಪುರದ ಏಪ್ರಿಲ್ ಬಿಸಿಗೆ ಅದು ಅಂಚಿನಿಂದ ಬಿಟ್ಟುಕೊಳ್ಳಬಹುದು. ದೂಳು ಕೂತರೆ ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬಟ್ಟೆ, ಎರೆಮಣ್ಣಿನ ಕಣದ ಮೇಲೆ ನೇರ ಬಟ್ಟೆ ಎಳೆದರೆ ಗೀರು ಗ್ಯಾರಂಟಿ. ಲೆನ್ಸ್‌ಗೆ ಬಿಗಿಯಾಗಿ ಅಂಟಿ ಬಿಚ್ಚಲು ಬರದಿದ್ದರೆ ಅಗಲದ ರಬ್ಬರ್ ಬ್ಯಾಂಡ್ ಅಂಚಿಗೆ ಸುತ್ತಿ, ಜೋರಾಗಿ ಒತ್ತದೆ ತಿರುಗಿಸಿ. ಒತ್ತಿದಷ್ಟೂ ರಿಂಗ್ ಸೊಟ್ಟಗಾಗಿ ಇನ್ನೂ ಬಿಗಿಯುತ್ತದೆ.